ಸ್ತ್ರೀಧನವೂ ‘ಆದ್ಯ’ ಶಬ್ದವೂ

ಕಲ್ಯಾಣದ ಚಾಳುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ (೧೦೭೬–೧೧೨೬) ಕಾಲದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯಾನವನ್ನು ರಚಿಸಿದನು. ಪಿತ್ರಾರ್ಜಿತದಲ್ಲಿ ಮಗನಿಗೆ ಹುಟ್ಟಿನಿಂದಲೇ ಸ್ವತ್ವವುಂಟೆಂಬ ಅವನ ಮತವು ಪ್ರಸಿದ್ಧವಾದುದರಿಂದ ಅದನ್ನಿಲ್ಲಿ ವಿಸ್ತರಿಸಬೇಕಾದುದಿಲ್ಲ. ಸ್ತ್ರೀಧನದ ವಿಷಯದಲ್ಲಿ ಅವನು ಮಾಡಿದ ಅರ್ಥನಿರ್ಣಯವು ಭಾಷಾಭ್ಯಾಸಿಗಳಿಗೂ ಗಮನಾರ್ಹವಾಗಿದೆ.

ತಂದೆ, ತಾಯಿ, ಪತಿ, ಸೋದರರು ಕೊಟ್ಟುದು, ವಿವಾಹಾಗ್ನಿಯ ಸನ್ನಿಧಿಯಲ್ಲಿ ಬಂದುದು, ಗಂಡನು ಮತ್ತೊಬ್ಬಳನ್ನು ಮದುವೆಯಾಗುವಾಗ ಮೊದಲಿನವಳಿಗೆ ಕೊಡುವ ಆಧಿವೇದನಿಕ, ಇಷ್ಟನ್ನು ಹೇಳಿ ಸ್ಮೃತಿಕಾರನು ‘ಆದ್ಯ’ ಎನ್ನುತ್ತಾನೆ. ‘ಮೊದಲಾದುವು’ ಎಂಬ ಈ ಒಂದು ಪದದೊಳಗೆ ವಿಜ್ಞಾನೇಶ್ವರನು ದಾಯವಾಗಿ ಬಂದುದು, ಕ್ರಯಕ್ಕೆ ಕೊಂಡುದು, ವಿಭಾಗದಲ್ಲಿ ದೊರೆತುದು ಎಲ್ಲವನ್ನೂ ಸೇರಿಸಿದನು. ಸ್ತ್ರೀಧನವೆಂಬುದು ಯೌಗಿಕ ಶಬ್ದವೇ ಹೊರತು ಪಾರಿಭಾಷಿಕವಲ್ಲವೆಂದು ಅವನ ವಾದ. ವಂಗದೇಶದ ಜೀಮೂತವಾಹನನಾದರೋ ಅಲ್ಲಿ ‘ಚೈವ’ ಎಂದು ಓದುತ್ತಾನೆ. ಆ ಪಾಠದಲ್ಲಿ ಈ ವಿಸ್ತಾರಕ್ಕೆ ಎಡೆಯಿಲ್ಲ. ಪಾಠಾಂತರ ವಿಚಾರವು ಪಂಡಿತರ ಕಾಲಹರಣವೆನ್ನುವವರು ಇದನ್ನು ನೋಡಬೇಕು.

ಪ್ರಿವಿ ಕೌನ್ಸಿಲು ಮಿತಾಕ್ಷರವನ್ನು ಪ್ರಮಾಣವಾಗಿ ಹಿಡಿದೂ ಈ ಅರ್ಥವನ್ನು ಪೂರ್ತಿಯಾಗಿ ಒಪ್ಪಲಿಲ್ಲ. ಪತಿಯಿಂದ ದಾಯವಾಗಿ ಬಂದ ಆಸ್ತಿಯನ್ನು ವಿಧವೆಯು ಜೀವಾವಧಿ ಅನುಭವಿಸಬಹುದಾಗಿತ್ತು. ಆವಶ್ಯಕ ಕಾರಣವಿಲ್ಲದೆ ಮಾರುವಂತಿರಲಿಲ್ಲ, ಉಯಿಲು ಬರೆಯುವಂತಿರಲಿಲ್ಲ. ಅವಳ ತರುವಾಯ ಅದು ಗಂಡನ ವಾರಸುದಾರರಿಗೆ ಸಲ್ಲುತ್ತಿತ್ತು. ೧೯೩೭ರ ಶಾಸನವೂ ಈ ಮಿತಿಯನ್ನು ಉಳಿಸಿತು. ೧೯೫೬ರ ಹಿಂದೂ ಉತ್ತರಾಧಿಕಾರ ಶಾಸನದ ೧೪ನೆಯ ಪ್ರಕರಣವು ಅವಳನ್ನು ಪೂರ್ಣಸ್ವಾಮಿನಿಯನ್ನಾಗಿ ಮಾಡಿತು. ಅದರ ವಿವರಣೆಯಲ್ಲಿ ದಾಯ, ವಿಭಾಗ, ಕ್ರಯ, ದಾನ ಮುಂತಾಗಿ ಎಣಿಸಿರುವ ಪಟ್ಟಿಯು ಬಹುಮಟ್ಟಿಗೆ ಕಲ್ಯಾಣದ ವ್ಯಾಖ್ಯಾನಕಾರನದೇ.