ಇಷ್ಟವಿಯೋಗವೂ ಅತ್ತಿಮಬ್ಬೆಯ ಬಾಳೂ

ಪ್ರಿಯರಾದವರ ಅಗಲಿಕೆಯಿಂದ ಉಂಟಾಗುವ ನೋವನ್ನು ಜೈನಾಚಾರ್ಯರು ಬಹು ಸೂಕ್ಷ್ಮವಾಗಿ ವಿವೇಚಿಸಿದ್ದಾರೆ. ತತ್ತ್ವಾರ್ಥಸೂತ್ರವು ಆರ್ತಧ್ಯಾನದ ನಾಲ್ಕು ಬಗೆಗಳನ್ನು ಹೇಳುವಾಗ ಇಷ್ಟವಿಯೋಗವನ್ನೂ ಒಂದಾಗಿ ಎಣಿಸಿದೆ. ಕಳೆದುಹೋದುದು ಮರಳಿ ದೊರೆಯಬೇಕೆಂದು ಮನಸ್ಸು ಎಡೆಬಿಡದೆ ಅದನ್ನೇ ಚಿಂತಿಸುವುದು ಇದರ ಲಕ್ಷಣ. ಇಂತಹ ಆರ್ತಧ್ಯಾನವು ಅವಿರತರಿಗೆ ಮಾತ್ರವಲ್ಲದೆ ಅಣುವ್ರತಧಾರಿಯಾದ ಶ್ರಾವಕನಿಗೂ, ಪ್ರಮತ್ತಸಂಯತನಾದ ಮುನಿಗೂ ಉಂಟಾಗಬಹುದೆಂದು ಅದೇ ಗ್ರಂಥ ತಿಳಿಸುತ್ತದೆ. ಆದುದರಿಂದ ಶೋಕಗೊಂಡವರನ್ನು ಧರ್ಮಶ್ರದ್ಧೆಯಲ್ಲಿ ಕಡಿಮೆಯೆಂದು ಹಳಿಯುವುದು ಶಾಸ್ತ್ರಸಮ್ಮತವಲ್ಲ. ಶೋಕ ಬಂದಮೇಲೆ ಅದರೊಡನೆ ಬಾಳುವ ಬಗೆ ಹೇಗೆ ಎಂಬುದೇ ವಿಚಾರಾರ್ಹವಾದ ಪ್ರಶ್ನೆ. ಈ ಪ್ರಶ್ನೆಗೆ ಕನ್ನಡ ನಾಡಿನ ಇತಿಹಾಸದಲ್ಲಿ ಒಂದು ಉಜ್ವಲ ಉತ್ತರವಿದೆ.

ಹತ್ತನೆಯ ಶತಮಾನದಲ್ಲಿ ವೆಂಗಿ ಪ್ರದೇಶದ ಜೈನ ಮನೆತನವೊಂದರಲ್ಲಿ ಮಲ್ಲಪಯ್ಯನೆಂಬ ಶ್ರಾವಕನಿದ್ದನು. ಆತನೂ ಆತನ ಸಹೋದರ ಪುನ್ನಮಯ್ಯನೂ ತಮ್ಮ ಗುರುಗಳಾದ ಜಿನಚಂದ್ರದೇವರ ಗೌರವಾರ್ಥವಾಗಿ ಪೊನ್ನ ಕವಿಯಿಂದ ಶಾಂತಿಪುರಾಣವನ್ನು ಬರೆಯಿಸಿದರು. ಮಲ್ಲಪಯ್ಯನ ಪುತ್ರಿಯರಾದ ಅತ್ತಿಮಬ್ಬೆ ಮತ್ತು ಗುಂಡಮಬ್ಬೆ ಇಬ್ಬರನ್ನೂ ನಾಗದೇವನಿಗೆ ಕೊಟ್ಟು ವಿವಾಹ ಮಾಡಲಾಯಿತು. ನಾಗದೇವನು ಚಾಳುಕ್ಯ ಚಕ್ರವರ್ತಿ ಎರಡನೆಯ ತೈಲಪನ ಮಂತ್ರಿಯಾಗಿದ್ದ ದಲ್ಲಪನ ಮಗ, ಪರಾಕ್ರಮಿಯಾದ ದಂಡನಾಯಕ. ಆತನು ಅಕಾಲದಲ್ಲಿ ಮೃತನಾದಾಗ ಗುಂಡಮಬ್ಬೆ ಸಹಗಮನ ಮಾಡಿದಳು. ಅತ್ತಿಮಬ್ಬೆ ಎಳೆಯ ಮಗನೊಡನೆ ಉಳಿದಳು. ಪತಿ ಮತ್ತು ಒಡಹುಟ್ಟಿದ ತಂಗಿ, ಇಬ್ಬರನ್ನೂ ಒಂದೇ ಸಂದರ್ಭದಲ್ಲಿ ಕಳೆದುಕೊಂಡ ದುಃಖ ಅವಳದಾಯಿತು.

ಸಹಗಮನಕ್ಕೆ ಆ ಕಾಲದ ಸಮಾಜದಲ್ಲಿ ಮನ್ನಣೆಯಿದ್ದಿತು. ಜೈನಾಚಾರದ ದೃಷ್ಟಿಯಾದರೋ ಬೇರೆ. ರಾಗ ಮತ್ತು ಮೋಹಗಳಿಂದ ಪ್ರೇರಿತವಾದ ಮರಣಕ್ಕೂ ರಾಗರಹಿತವಾದ ಸಲ್ಲೇಖನಕ್ಕೂ ಇರುವ ಅಂತರವನ್ನು ಪೂಜ್ಯಪಾದ ಆಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಸ್ಪಷ್ಟಪಡಿಸಿದ್ದಾರೆ. ಹಾಗೆಂದು ಗುಂಡಮಬ್ಬೆಯನ್ನು ದೂಷಿಸುವುದು ಉಚಿತವಲ್ಲ; ಅಂತಹ ವೇದನೆಗೆ ಅನುಕಂಪವೊಂದೇ ಸಲ್ಲುವುದು. ಆದರೆ ಉಳಿದು ಬಾಳುವುದು ಸುಲಭದ ದಾರಿಯಾಗಿರಲಿಲ್ಲ ಎಂಬುದನ್ನೂ ಮರೆಯಲಾಗದು. ಚಿತೆಯ ಉರಿ ಒಂದು ದಿನದ್ದು. ಉಳಿದವಳು ದಿನದಿನವೂ ಆ ನೆನಪಿನೊಡನೆ ಎದ್ದು ನಡೆಯಬೇಕಾಗಿತ್ತು.

ಅತ್ತಿಮಬ್ಬೆ ಜಿನಧರ್ಮದ ವ್ರತನಿಯಮಗಳನ್ನು ಕೈಕೊಂಡು ಮಗನನ್ನು ಬೆಳೆಸಿದಳು. ಆ ಮಗನೇ ಮುಂದೆ ಪಡೆವಳ ತೈಲನೆಂದು ಪ್ರಸಿದ್ಧನಾದನು. ತಂದೆ ಮತ್ತು ಚಿಕ್ಕಪ್ಪ ಬರೆಯಿಸಿದ ಶಾಂತಿಪುರಾಣವು ಅಳಿಯಬಾರದೆಂದು ಅದರ 1000 ಪ್ರತಿಗಳನ್ನು ಮಾಡಿಸಿ ಹಂಚಿದಳು. ಮುದ್ರಣವಿಲ್ಲದ ಆ ಕಾಲದಲ್ಲಿ ಪ್ರತಿಯೊಂದು ಓಲೆಯನ್ನೂ ಲಿಪಿಕಾರರು ಕೈಯಿಂದಲೇ ಕೊರೆಯಬೇಕಾಗಿತ್ತು ಎಂಬುದನ್ನು ನೆನೆದರೆ ಈ ಶಾಸ್ತ್ರದಾನದ ಹಿರಿಮೆ ಮನದಟ್ಟಾಗುತ್ತದೆ. 1500 ಜಿನಪ್ರತಿಮೆಗಳನ್ನು ಮಾಡಿಸಿ ದಾನವಿತ್ತಳೆಂದೂ ಪ್ರಸಿದ್ಧಿಯಿದೆ. ಬಳೆಗಾರರ ಕುಲದಲ್ಲಿ ಹುಟ್ಟಿದ ರನ್ನನಿಗೆ ಆಶ್ರಯವಿತ್ತಳು. ಆತನು 993ರಲ್ಲಿ ಅಜಿತಪುರಾಣವನ್ನು ರಚಿಸಿ ಅವಳ ಚರಿತ್ರೆಯನ್ನು ಅದರಲ್ಲಿ ನೆಲೆಗೊಳಿಸಿದನು. ತನ್ನ ಮಗಳಿಗೆ ಅತ್ತಿಮಬ್ಬೆಯೆಂದೇ ಹೆಸರಿಟ್ಟನು. ಇಂದಿನ ಗದಗ ಜಿಲ್ಲೆಯ ಲಕ್ಕುಂಡಿಯಲ್ಲಿ ಅವಳು ಕಟ್ಟಿಸಿದ ಬ್ರಹ್ಮಜಿನಾಲಯವು 1007ರ ಶಾಸನದೊಡನೆ ಈಗಲೂ ನಿಂತಿದೆ. ದಾನಚಿಂತಾಮಣಿ ಎಂಬ ಬಿರುದು ಅವಳಿಗೆ ಅನ್ವರ್ಥವಾಯಿತು.

ಈ ದಾನಗಳನ್ನು ಕೇವಲ ಸಂಪತ್ತಿನ ವಿನಿಯೋಗವೆಂದು ಭಾವಿಸಿದರೆ ಅವುಗಳ ಅಂತರಾರ್ಥ ತಪ್ಪಿಹೋಗುತ್ತದೆ. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯವು ದುಃಖ, ಶೋಕ, ಆಕ್ರಂದನ ಮೊದಲಾದವುಗಳನ್ನು ಅಸಾತಾವೇದನೀಯ ಕರ್ಮದ ಆಸ್ರವಕ್ಕೆ ಕಾರಣವೆಂದು ಹೇಳಿ, ಅದರ ಬೆನ್ನಲ್ಲೇ ಜೀವಿಗಳಲ್ಲಿ ಅನುಕಂಪೆ, ದಾನ, ಕ್ಷಮೆ ಮೊದಲಾದವು ಸಾತಾವೇದನೀಯಕ್ಕೆ ಕಾರಣವೆಂದು ತಿಳಿಸುತ್ತದೆ. ಶೋಕವು ಮನಸ್ಸನ್ನು ತನ್ನೊಳಗೇ ಸುತ್ತಿಕೊಳ್ಳುವಂತೆ ಮಾಡುತ್ತದೆ. ಅನುಕಂಪೆಯು ಅದನ್ನು ಇತರರ ಕಡೆಗೆ ತೆರೆಯುತ್ತದೆ. ತಂದೆಯ ನೆನಪು ಓಲೆಗಳಾಗಿ ಸಾವಿರ ಕೈಗಳನ್ನು ಸೇರಿದಾಗ ಅದು ಬರಿಯ ಕೊರಗಾಗಿ ಉಳಿಯುವುದಿಲ್ಲ.

ಆದರೆ ಈ ಮಾರ್ಗದಲ್ಲಿ ಅವಸರ ಸಲ್ಲದು. ಕರುಣೆಯುಳ್ಳ ವೈದ್ಯನು ವ್ರಣವನ್ನು ಕೊಯ್ದರೆ ನೋವಾದರೂ ಅವನಿಗೆ ಪಾಪಬಂಧವಿಲ್ಲವೆಂದು ಪೂಜ್ಯಪಾದರು ದೃಷ್ಟಾಂತ ಕೊಟ್ಟಿದ್ದಾರೆ. ಅಲ್ಲಿ ಮುಖ್ಯವಾದುದು ಒಳಗಿನ ಭಾವ. ಸಾಂತ್ವನ ಹೇಳುವವರ ಮಾತಿಗೂ ಇದೇ ಅಳತೆ. ಮೊನ್ನೆ ಮೊನ್ನೆ ಮಗನನ್ನೋ ಪತಿಯನ್ನೋ ಕಳೆದುಕೊಂಡವರಿಗೆ ಎಲ್ಲವೂ ಕರ್ಮಫಲವೆಂದು ಉಪದೇಶಿಸಿ ಎದ್ದುಹೋಗುವುದು ಚಿಕಿತ್ಸೆಯಲ್ಲ. ಮೊದಲು ಅವರ ಬಳಿ ಕುಳಿತು ಅಳಲನ್ನು ಕೇಳಬೇಕು. ದಿನಗಳುರುಳಿದರೂ ಆಹಾರ, ನಿದ್ರೆಗಳು ಮರಳದಿದ್ದರೆ, ಬಾಳೇ ಬೇಡವೆನಿಸಿದರೆ ತಡಮಾಡದೆ ವೈದ್ಯರ ನೆರವು ದೊರಕಿಸಬೇಕು. ಔಷಧದಾನದ ಅರ್ಥದಲ್ಲಿ ಇದೂ ಅಡಕವಾಗಿದೆ.

ಬಸದಿಗಳ ಆಡಳಿತ ಮಂಡಳಿಗಳು ದುಃಖಿತ ಕುಟುಂಬಗಳನ್ನು ಹದಿಮೂರು ದಿನಗಳ ಬಳಿಕವೂ ಮರೆಯದೆ, ಸ್ವಾಧ್ಯಾಯಕ್ಕೆ, ಗ್ರಂಥರಕ್ಷಣೆಗೆ, ಆಹಾರದಾನದ ಕಾರ್ಯಕ್ಕೆ ಅವರ ಇಚ್ಛೆಯರಿತು ಆದರದಿಂದ ಕರೆಯಬಹುದು. ಲಕ್ಕುಂಡಿಯ ಜಿನಾಲಯವನ್ನು ಸಂದರ್ಶಿಸುವ ಶ್ರಾವಕ ಶ್ರಾವಿಕೆಯರು ಅದರ ಶಿಲ್ಪವನ್ನು ಮೆಚ್ಚುವುದರೊಡನೆ, ಅದನ್ನು ಕಟ್ಟಿಸಿದವಳು ಶೋಕವನ್ನು ಕಂಡವಳೆಂಬುದನ್ನೂ, ಉಳಿದು ಬಾಳಲು ಮನಸ್ಸು ಮಾಡಿದವಳೆಂಬುದನ್ನೂ ಸ್ಮರಿಸುವುದು ಯುಕ್ತ.