ತಲೆ ಮತ್ತು ಕತ್ತಿನ ಕ್ಯಾನ್ಸರ್: ವಂಶವಾಹಿಗಳ ಉತ್ಪರಿವರ್ತನೆ ಹಾಗೂ ರೋಗಿಗಳ ಬದುಕುಳಿಯುವಿಕೆ

ಬಾಯಿ, ನಾಲಿಗೆ, ಗಂಟಲು, ಧ್ವನಿಪೆಟ್ಟಿಗೆ ಮೊದಲಾದ ಭಾಗಗಳಲ್ಲಿ ಉಂಟಾಗುವ ಕ್ಯಾನ್ಸರನ್ನು ಒಟ್ಟಾಗಿ ತಲೆ ಮತ್ತು ಕತ್ತಿನ ಕ್ಯಾನ್ಸರ್ ಎಂದು ಕರೆಯಲಾಗುತ್ತದೆ. ಚಿಂತಾಮಣಿ ತಾಲ್ಲೂಕಿನ ಮುರುಗಮಲ್ಲ ಹಾಗೂ ಸುತ್ತಮುತ್ತಲಿನ ಗ್ರಾಮಗಳ ಸಾರ್ವಜನಿಕರ ತಿಳಿವಳಿಕೆಗಾಗಿ ಈ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

1. ಉತ್ಪರಿವರ್ತನೆ ಎಂದರೇನು?

ಜೀವಕೋಶವು ಯಾವಾಗ ವಿಭಜನೆಯಾಗಬೇಕು, ಯಾವಾಗ ನಿಲ್ಲಬೇಕು ಎಂಬುದನ್ನು ಅದರೊಳಗಿನ ವಂಶವಾಹಿಗಳು ನಿಯಂತ್ರಿಸುತ್ತವೆ. ವಂಶವಾಹಿಯ ರಚನೆಯಲ್ಲಿ ಆಗುವ ಶಾಶ್ವತ ಬದಲಾವಣೆಯೇ ಉತ್ಪರಿವರ್ತನೆ. ಹೊಗೆಸೊಪ್ಪು, ಕಡ್ಡಿಪುಡಿ, ಬೀಡಿ, ಸಿಗರೇಟುಗಳಲ್ಲಿರುವ ರಾಸಾಯನಿಕಗಳು ವರ್ಷಾನುಗಟ್ಟಲೆ ಬಾಯಿಯ ಒಳಪದರಕ್ಕೆ ತಗುಲುವುದರಿಂದ ಇಂತಹ ಬದಲಾವಣೆಗಳು ಸಂಗ್ರಹವಾಗುತ್ತವೆ. ತಂಬಾಕು ಬೆರೆಸದ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಪ್ರಕಟಿಸಿದೆ.

ಹೆಸರು ವಂಶವಾಹಿ ಎಂದಿದ್ದರೂ ಈ ಉತ್ಪರಿವರ್ತನೆಗಳು ಬಹುತೇಕ ಗಡ್ಡೆಯ ಜೀವಕೋಶಗಳಿಗೆ ಮಾತ್ರ ಸೀಮಿತ. ಅಪರೂಪದ ಕೆಲವು ಆನುವಂಶಿಕ ಕಾಯಿಲೆಗಳನ್ನು ಹೊರತುಪಡಿಸಿದರೆ, ಇವು ರೋಗಿಯಿಂದ ಮಕ್ಕಳಿಗೆ ಬರುವುದಿಲ್ಲ. ಈ ರೋಗವು ಸ್ಪರ್ಶದಿಂದಾಗಲಿ, ಒಟ್ಟಿಗೆ ಊಟ ಮಾಡುವುದರಿಂದಾಗಲಿ ಹರಡುವುದಿಲ್ಲ.

2. ಭಾರತೀಯ ರೋಗಿಗಳಲ್ಲಿ ಕಂಡುಬಂದ ಅಂಶಗಳು

ಕಲ್ಯಾಣಿಯ ರಾಷ್ಟ್ರೀಯ ಜೈವಿಕ ವೈದ್ಯಕೀಯ ಜೀನೋಮಿಕ್ಸ್ ಸಂಸ್ಥೆ ಹಾಗೂ ಟಾಟಾ ಸ್ಮಾರಕ ಕೇಂದ್ರದ ವಿಜ್ಞಾನಿಗಳು ವಸಡು ಮತ್ತು ಕೆನ್ನೆಯ ಒಳಭಾಗದ ಕ್ಯಾನ್ಸರ್ ಇದ್ದ 110 ಭಾರತೀಯ ರೋಗಿಗಳ ಅಧ್ಯಯನವನ್ನು 2013ರಲ್ಲಿ ಪ್ರಕಟಿಸಿದರು. ಟಿಪಿ53, ಎಫ್‌ಎಟಿ1, ಸಿಎಎಸ್‌ಪಿ8, ಎಚ್‌ಆರ್‌ಎಎಸ್, ನಾಚ್1 ಎಂಬ ವಂಶವಾಹಿಗಳಲ್ಲಿ ಪದೇ ಪದೇ ಉತ್ಪರಿವರ್ತನೆ ಕಂಡುಬಂದಿದ್ದು, ಅದುವರೆಗೆ ಈ ರೋಗದಲ್ಲಿ ಗುರುತಿಸಿರದ ಇನ್ನೂ 5 ವಂಶವಾಹಿಗಳು ಪತ್ತೆಯಾದವು. ತಂಬಾಕು ಮತ್ತು ಅಡಿಕೆ ಜಗಿಯುವವರು ಅದನ್ನು ಇರಿಸಿಕೊಳ್ಳುವ ಜಾಗವೇ ಕೆನ್ನೆ ಮತ್ತು ವಸಡಿನ ನಡುವಿನ ಸಂದು ಎಂಬುದು ಗಮನಾರ್ಹ.

3. ಬದುಕುಳಿಯುವಿಕೆಯೊಂದಿಗೆ ಸಂಬಂಧ

(ಅ) ಟಿಪಿ53 ವಂಶವಾಹಿಯು ಹಾನಿಗೊಂಡ ಜೀವಕೋಶವನ್ನು ತಡೆದು ನಿಲ್ಲಿಸುವ ಕೆಲಸ ಮಾಡುತ್ತದೆ. 2007ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಶಸ್ತ್ರಚಿಕಿತ್ಸೆಗೆ ಒಳಗಾದ 420 ರೋಗಿಗಳ ಪೈಕಿ 224 ಮಂದಿಯ ಗಡ್ಡೆಯಲ್ಲಿ ಇದರ ಉತ್ಪರಿವರ್ತನೆ ಇತ್ತು. ಈ ವಂಶವಾಹಿಯ ಕಾರ್ಯವನ್ನು ಪೂರ್ಣವಾಗಿ ಕೆಡಿಸುವಂತಹ ಉತ್ಪರಿವರ್ತನೆ ಇದ್ದವರಲ್ಲಿ ಸಾವಿನ ಸಂಭವವು, ಉತ್ಪರಿವರ್ತನೆ ಇಲ್ಲದವರಿಗಿಂತ ಸುಮಾರು 1.7 ಪಟ್ಟು ಇತ್ತು.

(ಆ) ಗಂಟಲಿನ ಮೇಲ್ಭಾಗದ ಕೆಲವು ಕ್ಯಾನ್ಸರ್‌ಗಳು ಎಚ್‌ಪಿವಿ ವೈರಾಣುವಿನಿಂದ ಬರುತ್ತವೆ. ಇವುಗಳಲ್ಲಿ ಟಿಪಿ53 ಸಾಮಾನ್ಯವಾಗಿ ಕೆಟ್ಟಿರುವುದಿಲ್ಲ. 2010ರ ಅಧ್ಯಯನದಂತೆ 3 ವರ್ಷಗಳ ನಂತರ ಬದುಕಿದ್ದವರ ಪ್ರಮಾಣ ವೈರಾಣು ಇದ್ದವರಲ್ಲಿ ಶೇ. 82.4, ಇಲ್ಲದವರಲ್ಲಿ ಶೇ. 57.1. ಆದರೆ ನಮ್ಮಲ್ಲಿ ಹೆಚ್ಚಾಗಿರುವುದು ತಂಬಾಕು ಮತ್ತು ಅಡಿಕೆಯಿಂದ ಬರುವ ಬಾಯಿಯ ಕ್ಯಾನ್ಸರ್.

4. ರೋಗದ ಹಂತದ ಮಹತ್ವ

ಮೇಲಿನ ಅಂಕಿಗಳು ಗುಂಪಿನ ಸರಾಸರಿಯೇ ಹೊರತು ಯಾವೊಬ್ಬ ರೋಗಿಯ ಭವಿಷ್ಯವಲ್ಲ. ಬಾಯಿಯ ಕ್ಯಾನ್ಸರ್‌ಗೆ ಶಸ್ತ್ರಚಿಕಿತ್ಸೆ, ವಿಕಿರಣ ಅಥವಾ ಔಷಧ ಚಿಕಿತ್ಸೆಯನ್ನು ವೈದ್ಯರು ಮುಖ್ಯವಾಗಿ ರೋಗದ ಹಂತವನ್ನು ನೋಡಿ ನಿರ್ಧರಿಸುತ್ತಾರೆ. ವಂಶವಾಹಿ ಪರೀಕ್ಷೆ ಮಾಡಿಸಲು ಹಣವಿಲ್ಲವೆಂದು ಚಿಕಿತ್ಸೆಯನ್ನು ಮುಂದೂಡುವ ಅಗತ್ಯವಿಲ್ಲ.

ಕೇರಳದ ತಿರುವನಂತಪುರ ಜಿಲ್ಲೆಯಲ್ಲಿ ಆರೋಗ್ಯ ಕಾರ್ಯಕರ್ತರು ಮನೆ ಮನೆಗೆ ತೆರಳಿ ಬಾಯಿಯನ್ನು ಬರಿಗಣ್ಣಿನಿಂದ ಪರೀಕ್ಷಿಸಿದ ಪರಿಣಾಮವಾಗಿ, ತಂಬಾಕು ಅಥವಾ ಮದ್ಯ ಸೇವಿಸುವವರಲ್ಲಿ ಬಾಯಿಯ ಕ್ಯಾನ್ಸರ್‌ನಿಂದಾಗುವ ಸಾವು ಶೇ. 34ರಷ್ಟು ಕಡಿಮೆಯಾದುದು 2005ರಲ್ಲಿ ವರದಿಯಾಗಿದೆ. ಗಡ್ಡೆಯೊಳಗಿನ ಉತ್ಪರಿವರ್ತನೆಯನ್ನು ರೋಗಿಯು ಬದಲಾಯಿಸಲಾರನು. ಆಸ್ಪತ್ರೆಗೆ ಬರುವ ದಿನವನ್ನು ಬದಲಾಯಿಸಬಲ್ಲನು.

5. ಗಮನಿಸಬೇಕಾದ ಚಿಹ್ನೆಗಳು

• ಎರಡು ವಾರವಾದರೂ ವಾಸಿಯಾಗದ ಬಾಯಿ ಹುಣ್ಣು
• ಬಾಯಿಯೊಳಗೆ ಬಿಳಿ ಅಥವಾ ಕೆಂಪು ಮಚ್ಚೆ
• ಖಾರ ತಿಂದರೆ ಉರಿ. ಬಾಯಿ ಪೂರ್ತಿ ತೆರೆಯಲು ಆಗದಿರುವುದು
• ಕತ್ತಿನಲ್ಲಿ ಗಂಟು, ನುಂಗಲು ತೊಂದರೆ, ಧ್ವನಿಯಲ್ಲಿ ಬದಲಾವಣೆ

ಆರಂಭದಲ್ಲಿ ನೋವು ಇರದಿರಬಹುದು. ನೋವು ಬರಲೆಂದು ಕಾಯಬಾರದು. ಮುರುಗಮಲ್ಲದ ದರ್ಗಾಕ್ಕೆ ಕಾಯಿಲೆ ವಾಸಿಯಾಗಲೆಂದು ಹರಕೆ ಹೊತ್ತು ಬರುವವರೂ ಹರಕೆಯ ಜೊತೆಗೆ ವೈದ್ಯರ ತಪಾಸಣೆಯನ್ನು ತಪ್ಪದೇ ಮಾಡಿಸಿಕೊಳ್ಳುವುದು.

6. ತಪಾಸಣೆ, ಚಿಕಿತ್ಸೆ ಮತ್ತು ನೆರವು

ಮೊದಲಿಗೆ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ಚಿಂತಾಮಣಿಯ ಸಾರ್ವಜನಿಕ ಆಸ್ಪತ್ರೆಯಲ್ಲಿ ತೋರಿಸುವುದು. ಸಂಶಯವಿದ್ದಲ್ಲಿ ಚಿಕ್ಕ ತುಣುಕನ್ನು ತೆಗೆದು ಬಯಾಪ್ಸಿ ಮಾಡಲಾಗುತ್ತದೆ. ಇದರಿಂದ ರೋಗ ಹರಡುತ್ತದೆಂಬುದು ತಪ್ಪು ಕಲ್ಪನೆ. ಹೆಚ್ಚಿನ ಚಿಕಿತ್ಸೆಯು 1973ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯಲ್ಲಿ ಲಭ್ಯ. 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಡಿ ಬಿ.ಪಿ.ಎಲ್. ಕುಟುಂಬಗಳು ವರ್ಷಕ್ಕೆ ರೂ. 5 ಲಕ್ಷದವರೆಗೆ ಚಿಕಿತ್ಸಾ ಸೌಲಭ್ಯ ಪಡೆಯಬಹುದು. ಪಡಿತರ ಚೀಟಿ ಹಾಗೂ ಆಧಾರ್ ಕಾರ್ಡನ್ನು ಜೊತೆಯಲ್ಲಿ ಒಯ್ಯುವುದು.

ತಂಬಾಕು ತ್ಯಜಿಸಲು ಇಚ್ಛಿಸುವವರು ರಾಷ್ಟ್ರೀಯ ಉಚಿತ ದೂರವಾಣಿ ಸಂಖ್ಯೆ 1800-11-2356ಕ್ಕೆ ಕರೆ ಮಾಡಬಹುದು. ಚಿಕಿತ್ಸೆಯ ನಂತರವೂ ತಂಬಾಕು ಮುಂದುವರಿಸಿದಲ್ಲಿ ರೋಗವು ಮರುಕಳಿಸುವ ಸಂಭವ ಹೆಚ್ಚು. ಆದುದರಿಂದ ರೋಗಿಯ ಮನೆಯವರೆಲ್ಲರೂ ಇದಕ್ಕೆ ಸಹಕರಿಸಬೇಕೆಂದು ಕೋರಲಾಗಿದೆ.