ರೊಕಮದೂರಿನ ಲಿತನಿ: ಒಂದು ಯಾತ್ರೆ, ಒಂದು ಸಂಗೀತಕೃತಿ

ಫ್ರೆಂಚ್ ಸ್ವರಸಂಯೋಜಕ ಫ್ರಾನ್ಸಿಸ್ ಪುಲಾಂಕನ (1899–1963) ಜೀವನದಲ್ಲಿ 1936ರ ಆಗಸ್ಟ್ ತಿಂಗಳನ್ನು ದಮಸ್ಕದ ಹಾದಿಗೆ ಹೋಲಿಸುವುದು ರೂಢಿ. ಪ್ರಬೋಧನೆಗೆ ಒದಗುವ ದೃಷ್ಟಾಂತವೇನೋ ಹೌದು. ಆದರೆ ಆ ಹೋಲಿಕೆಯನ್ನು ನಾವು ಒಪ್ಪಲಾರೆವು.

ಆ ತಿಂಗಳ 17ರಂದು ಸಂಗೀತಗಾರ ಪಿಯೆರ್-ಒಕ್ತಾವ್ ಫೆರೂ ಹಂಗೇರಿಯಲ್ಲಿ ರಸ್ತೆ ಅಪಘಾತದಲ್ಲಿ ಭೀಕರವಾಗಿ ಮಡಿದನು. ಸುದ್ದಿಯಿಂದ ತತ್ತರಿಸಿದ ಪುಲಾಂಕನು ಕೆಲವೇ ದಿನಗಳಲ್ಲಿ, ಗಾಯಕ ಪಿಯೆರ್ ಬೆರ್ನಾಕನೇ ಮೊದಲಾದ ಮಿತ್ರರೊಡನೆ, ನೈಋತ್ಯ ಫ್ರಾನ್ಸಿನ ರೊಕಮದೂರಿಗೆ ಹೋದನು. ಕಡಿದಾದ ಬಂಡೆಗೆ ಅಂಟಿಕೊಂಡಂತಿರುವ ಪುಣ್ಯಕ್ಷೇತ್ರವದು. ಯಾತ್ರಿಕರು 216 ಮೆಟ್ಟಿಲುಗಳನ್ನು ಮಂಡಿಯೂರಿ ಏರುತ್ತಿದ್ದರು. ಮೇಲಿನ ಗುಡಿಯಲ್ಲಿರುವುದು ದೇವಮಾತೆಯ ಪುಟ್ಟದೊಂದು ಕಪ್ಪು ಮರದ ಪ್ರತಿಮೆ. ಅಂದು ಸಂಜೆಯೇ ಆತನು 'ಕಪ್ಪು ಕನ್ಯೆಯ ಲಿತನಿ'ಯನ್ನು ಆರಂಭಿಸಿ ವಾರದೊಳಗೆ ಮುಗಿಸಿದನು.

ಇಲ್ಲಿ ನಮ್ಮ ಗಮನ ಸೆಳೆಯುವುದು ಕೃತಿಯ ಪಠ್ಯ. ಮಿತ್ರನಿಗಾಗಿ ಆತನು ಶೋಕಗೀತೆಯನ್ನು ರಚಿಸಲಿಲ್ಲ. ಯಾತ್ರಿಕರು ಅಲ್ಲಿ ಫ್ರೆಂಚಿನಲ್ಲಿ ಹೇಳುತ್ತಿದ್ದ ಪ್ರಾರ್ಥನಾಮಾಲೆಯನ್ನೇ ಎತ್ತಿಕೊಂಡನು. ಸ್ತ್ರೀಯರ ಇಲ್ಲವೆ ಮಕ್ಕಳ ಮೂರು ಧ್ವನಿಗಳು ಸರಳವಾಗಿ ಬೇಡಿಕೊಳ್ಳುತ್ತವೆ. ನಡುನಡುವೆ ಆರ್ಗನ್ ಕರ್ಕಶ ಸ್ವರಗಳೊಂದಿಗೆ ನುಗ್ಗುತ್ತದೆ. ದುಃಖವೆಲ್ಲ ಆ ಆರ್ಗನ್ನಿನಲ್ಲಿದೆ ಎಂದು ನಮಗೆ ತೋರುತ್ತದೆ.

ಆ ಲಿತನಿಯಲ್ಲಿ ಸುಂಕದ ಜಕ್ಕಾಯನ ಹೆಸರೂ ಬರುತ್ತದೆ. ಆತನೇ ಗಾಲ್ ದೇಶಕ್ಕೆ ಬಂದು ಅಮದೂರ್ ಎಂಬ ಏಕಾಂತವಾಸಿಯಾದನೆಂಬುದು ಸ್ಥಳೀಯ ಐತಿಹ್ಯ. ಇದಕ್ಕೆ ಐತಿಹಾಸಿಕ ಆಧಾರವಿಲ್ಲ. 1166ರಲ್ಲಿ ಅಲ್ಲಿ ಕೆಡದ ದೇಹವೊಂದು ದೊರೆತ ಮೇಲೆ ಬೆಳೆದ ಕಥೆಯಿದು. ಸಭಾ ಇತಿಹಾಸವನ್ನು ಬೋಧಿಸುವ ನಾವು ಇದನ್ನು ಮರೆಮಾಚಬಾರದು. ಆದರೆ ಪುಲಾಂಕನು ಪುರಾವೆ ಕೇಳಲು ಹೋದವನಲ್ಲ. ಆ ಜನರು ಬೇಡಿದ ಮಾತುಗಳಲ್ಲೇ ಬೇಡಿದನು. ಅವರ ಹಳ್ಳಿಗಾಡಿನ ಭಕ್ತಿಯನ್ನು ಸಂಗೀತಕ್ಕೆ ತರುವುದು ತನ್ನ ಉದ್ದೇಶವಾಗಿತ್ತೆಂದು ಆತನೇ ಹೇಳಿಕೊಂಡಿದ್ದಾನೆ. ಐತಿಹ್ಯವನ್ನು ಅಲ್ಲಗಳೆಯುವವನೂ ಈ ಪ್ರಾರ್ಥನೆಯನ್ನು ಸುಳ್ಳೆನ್ನಲಾರನು.

ದಮಸ್ಕದ ಹೋಲಿಕೆ ಸಲ್ಲದಿರುವುದು ಇದರಿಂದಲೇ. ಪೌಲನಿಗೆ ದೊರೆತದ್ದು ಅನಿರೀಕ್ಷಿತವಾದುದು. ಪುಲಾಂಕನಿಗೆ ದೊರೆತದ್ದು ತಂದೆಯ ಮನೆಯದೇ ವಿಶ್ವಾಸ. ಅವೆರಾನ್ ಸೀಮೆಯ ಆ ಭಕ್ತ ತಂದೆ 1917ರಲ್ಲಿ ತೀರಿಕೊಂಡ ಮೇಲೆ ಮಗನು ಧರ್ಮಾಚರಣೆಯಿಂದ ದೂರವಾಗಿದ್ದನು. ರೊಕಮದೂರಿನ ನಂತರವೂ ಆತನ ಬದುಕು ತೊಳಲಾಟಗಳಿಂದ ಮುಕ್ತವಾಗಲಿಲ್ಲ, ಲೌಕಿಕ ಗೀತೆಗಳ ರಚನೆಯೂ ನಿಲ್ಲಲಿಲ್ಲ. ಜೊತೆಗೇ 1937ರಲ್ಲಿ ಬಲಿಪೂಜೆಯ ಸಂಗೀತವನ್ನು ರಚಿಸಿದನು. ಕಲಾವಿದ ಕ್ರಿಸ್ತಿಯಾನ್ ಬೆರಾರ್ 1949ರಲ್ಲಿ ತೀರಿಕೊಂಡಾಗ ಅವನ ಆತ್ಮವನ್ನು ಅದೇ ರೊಕಮದೂರಿನ ತಾಯಿಗೆ ಒಪ್ಪಿಸಿ, 'ಸ್ತಾಬಾತ್ ಮಾತೆರ್' ರಚಿಸಿದನು. ಆಗಲೂ ಆತನು ಆಯ್ದುಕೊಂಡದ್ದು ಧರ್ಮಸಭೆಯ ಹಳೆಯ ಪಠ್ಯವನ್ನೇ.